ಐದು ಮಿಲಿವೋಲ್ಟಿನ ಹಾಡು

ಪ್ರಿಆಂಪ್ಲಿಫೈಯರ್ ಎಂಬ ಪೆಟ್ಟಿಗೆಯ ಬಗ್ಗೆ ಮೊದಲು ತಿಳಿಯಬೇಕಾದ ಸಂಗತಿ ಇದು: ಮನೆಯಲ್ಲಿ ಹಾಡು ಕೇಳುವಾಗ ಅದು ಬಹುಪಾಲು ಹೊತ್ತು ಸಂಕೇತವನ್ನು ಹಿಗ್ಗಿಸುವುದಿಲ್ಲ, ಕುಗ್ಗಿಸುತ್ತದೆ. ಲೆಕ್ಕ ಹಾಕಿಯೇ ನೋಡೋಣ. ಸಿಡಿ ಪ್ಲೇಯರ್ ತನ್ನ ಗರಿಷ್ಠ ಮಟ್ಟದಲ್ಲಿ ಹೊರಹಾಕುವುದು ಸುಮಾರು 2 ವೋಲ್ಟ್. ಪವರ್ ಆಂಪ್ಲಿಫೈಯರ್ ತನಗೆ ಬಂದ ವೋಲ್ಟೇಜನ್ನು ಸಾಮಾನ್ಯವಾಗಿ 20ರಿಂದ 28 ಪಟ್ಟು ಹೆಚ್ಚಿಸಿ ಸ್ಪೀಕರಿಗೆ ಕಳಿಸುತ್ತದೆ. 20 ಪಟ್ಟು ಎಂದೇ ಹಿಡಿದರೂ ಆ 2 ವೋಲ್ಟ್ 40 ವೋಲ್ಟ್ ಆಗುತ್ತದೆ. 8 ಓಮ್‌ನ ಸ್ಪೀಕರಿನಲ್ಲಿ ಅದು 200 ವಾಟ್. ನಮ್ಮ ನಡುಮನೆಯಲ್ಲಿ ಕೂತು ಕೇಳುವುದಕ್ಕೆ 1 ವಾಟ್ ಧಾರಾಳವಾಯಿತು. 1 ವಾಟ್ ಬೇಕಾದರೆ ಸ್ಪೀಕರಿನ ತುದಿಯಲ್ಲಿ 2.83 ವೋಲ್ಟ್ ಇರಬೇಕು. ಅದಕ್ಕೆ ಪವರ್ ಆಂಪ್‌ಗೆ ತಲುಪಬೇಕಾದದ್ದು ಬರೀ 0.14 ವೋಲ್ಟ್. ಹಾಗಾಗಿ 2 ವೋಲ್ಟನ್ನು 0.14ಕ್ಕೆ ಇಳಿಸುವುದು, ಅಂದರೆ 23 ಡೆಸಿಬೆಲ್ ತಗ್ಗಿಸುವುದು, ನಡುವೆ ಕೂತ ಪ್ರಿಆಂಪ್‌ನ ದಿನನಿತ್ಯದ ಕೆಲಸ.

ಗ್ರಾಮಫೋನ್ ತಟ್ಟೆ ಹಾಕಿದಾಗ ಕತೆ ತಿರುಗುಮುರುಗು. ಎಲ್‌ಪಿಯ ಗೀರಿನಲ್ಲಿ ಓಡುವ ಸೂಜಿ, ಅದಕ್ಕಂಟಿದ ಪುಟ್ಟ ಆಯಸ್ಕಾಂತವನ್ನು ತಂತಿಸುರುಳಿಯ ಬಳಿ ಅಲುಗಾಡಿಸಿ ಹುಟ್ಟಿಸುವುದು 3ರಿಂದ 5 ಮಿಲಿವೋಲ್ಟ್. ಸಿಡಿ ಪ್ಲೇಯರಿನ ಸಂಕೇತದ ನಾನೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಇಲ್ಲಿ ಪ್ರಿಆಂಪ್ ನಿಜವಾಗಿಯೂ ಬೆವರು ಸುರಿಸಬೇಕು.

ಈ ಎರಡೂ ಕೆಲಸಗಳನ್ನು ಇವತ್ತು ತೀರಾ ಕಡಿಮೆ ಖರ್ಚಿನಲ್ಲಿ, ಮನುಷ್ಯನ ಕಿವಿ ತಪ್ಪು ಹುಡುಕಲಾರದಷ್ಟು ಚೆನ್ನಾಗಿ ಮಾಡಬಹುದು ಎಂಬುದು ನನ್ನ ದೃಢವಾದ ನಂಬಿಕೆ. ಲಕ್ಷಾಂತರ ರೂಪಾಯಿಯ ಪ್ರಿಆಂಪ್‌ಗಳು ಮಾರುಕಟ್ಟೆಯಲ್ಲಿವೆ. ಆ ಹಣದ ಬಹುಭಾಗ ಹೋಗುವುದು ದಪ್ಪ ಅಲ್ಯೂಮಿನಿಯಂ ಹಲಗೆಗೆ, ಹೊಳಪಿಗೆ, ಹೆಸರಿಗೆ. ಹಾಗಂತ ಅಗ್ಗದ ಪೆಟ್ಟಿಗೆಗಳೆಲ್ಲ ಒಳ್ಳೆಯವಲ್ಲ. ಅವು ಎಡವುವ ಜಾಗಗಳಿವೆ. ಜಾಹೀರಾತಿನಲ್ಲಿ ಅಚ್ಚಾಗುವ ಅಂಕಿಗಳಲ್ಲಿ ಆ ಜಾಗಗಳು ಕಾಣುವುದಿಲ್ಲ, ಅಷ್ಟೆ.

ವಾಲ್ಯೂಮ್ ನಾಬ್‌ನ ಒಳಗೆ

ಮೊದಲ ಜಾಗ ವಾಲ್ಯೂಮ್ ನಾಬ್. ಅದನ್ನು ಬಿಚ್ಚಿದರೆ ಒಳಗೆ ಕುದುರೆಲಾಳದ ಆಕಾರದ ಎರಡು ಕಾರ್ಬನ್ ಪಟ್ಟಿಗಳು ಒಂದರ ಹಿಂದೊಂದು ಕಾಣುತ್ತವೆ, ಒಂದು ಎಡ ಸ್ಪೀಕರಿಗೆ, ಇನ್ನೊಂದು ಬಲಕ್ಕೆ. ಒಂದೇ ಅಚ್ಚಿಗೆ ಸಿಕ್ಕಿಸಿದ ಎರಡು ಲೋಹದ ಬೆರಳುಗಳು ಆ ಪಟ್ಟಿಗಳ ಮೇಲೆ ಒಟ್ಟಿಗೇ ಜಾರುತ್ತವೆ. ಪಟ್ಟಿಯ ಒಂದು ತುದಿಗೆ ಪೂರ್ತಿ ಸಂಕೇತ, ಇನ್ನೊಂದು ತುದಿ ನೆಲಕ್ಕೆ, ಅಂದರೆ ಸೊನ್ನೆ ವೋಲ್ಟಿಗೆ. ಬೆರಳು ಎಲ್ಲಿ ನಿಂತಿದೆಯೋ ಅಲ್ಲಿನ ಪಾಲು ಮುಂದೆ ಹೋಗುತ್ತದೆ. ರಿಪೇರಿಯವರು ಇದನ್ನು ಪಾಟ್ ಎನ್ನುತ್ತಾರೆ, ಪೊಟೆನ್ಶಿಯೋಮೀಟರ್ ಎಂಬುದರ ಮೊಟಕು ರೂಪ.

ನಮ್ಮ ಕಿವಿ ಸದ್ದನ್ನು ಅಳೆಯುವ ರೀತಿ ಕೂಡುವ ಲೆಕ್ಕದ್ದಲ್ಲ, ಗುಣಿಸುವ ಲೆಕ್ಕದ್ದು. ಸದ್ದು ಎರಡರಷ್ಟಾಯಿತು ಎಂದು ನಮಗೆ ಅನ್ನಿಸಬೇಕಾದರೆ ಶಕ್ತಿ ಹತ್ತು ಪಟ್ಟಾಗಬೇಕು. ಅದೇ 10 ಡೆಸಿಬೆಲ್. ಪಟ್ಟಿಯ ಉದ್ದಕ್ಕೂ ರೋಧ ಒಂದೇ ಸಮನಾಗಿ ಹೆಚ್ಚುವಂತಿದ್ದರೆ, ನಾಬ್ ಸ್ವಲ್ಪ ತಿರುಗಿಸುತ್ತಲೇ ಸದ್ದು ಧುತ್ತೆಂದು ಏರಿ, ಆಮೇಲೆ ಎಷ್ಟು ತಿರುಗಿಸಿದರೂ ಏರದಂತೆ ಭಾಸವಾಗುತ್ತದೆ. ಅದಕ್ಕೇ ಪಟ್ಟಿಯ ಆರಂಭದಲ್ಲಿ ರೋಧ ಬಲು ನಿಧಾನವಾಗಿ, ಕೊನೆಯಲ್ಲಿ ಬಿರುಸಾಗಿ ಹೆಚ್ಚುವಂತೆ ಕಾರ್ಬನ್ ಮಿಶ್ರಣವನ್ನು ಬದಲಿಸುತ್ತಾರೆ. ಲಾಗರಿದಮ್‌ನ ಈ ವಕ್ರರೇಖೆಯನ್ನು ಅಗ್ಗದ ಪಾಟ್‌ನಲ್ಲಿ ಎರಡು ಮೂರು ಸರಳರೇಖೆಯ ತುಂಡುಗಳನ್ನು ಜೋಡಿಸಿ ಸಾಧಿಸುತ್ತಾರೆ. ಎಡದ ಪಟ್ಟಿಯ ಜೋಡಣೆ ಮತ್ತು ಬಲದ ಪಟ್ಟಿಯ ಜೋಡಣೆ ಒಂದೇ ಕಡೆ ಬರಬೇಕಲ್ಲ? ಬರುವುದಿಲ್ಲ. ನಾಬ್ ನಡುವಿನಿಂದ ಮೇಲಿರುವಾಗ ವ್ಯತ್ಯಾಸ ಅತ್ಯಲ್ಪ. ಕೆಳಗಿನ ಕಾಲುಭಾಗದಲ್ಲಿ ಎಡ ಬಲಗಳ ನಡುವೆ 2-3 ಡೆಸಿಬೆಲ್ ಅಂತರ ಬರುವುದು ಅಗ್ಗದ ಪಾಟ್‌ಗಳಲ್ಲಿ ಮಾಮೂಲಿ. ಮೇಲೆ ಹಾಕಿದ ಲೆಕ್ಕವನ್ನು ನೆನೆಯಿರಿ: ಮನೆಯಲ್ಲಿ ನಾವು ಕೇಳುವ ಮಟ್ಟವೇ 23 ಡೆಸಿಬೆಲ್ ತಗ್ಗಿಸಿದ ಮಟ್ಟ. ರಾತ್ರಿ ಮಕ್ಕಳು ಮಲಗಿದ ಮೇಲೆ ಕೇಳುವುದಾದರೆ 40 ಡೆಸಿಬೆಲ್. ಪಾಟ್ ಅತಿ ಕೆಟ್ಟದಾಗಿ ವರ್ತಿಸುವ ಮೂಲೆಯಲ್ಲೇ ನಾವು ಬದುಕುತ್ತಿರುತ್ತೇವೆ.

ಇದನ್ನು ಪತ್ತೆ ಹಚ್ಚಲು ಉಪಕರಣ ಬೇಡ. 1960ರ ದಶಕದ ಒಂದು ಕನ್ನಡ ಚಿತ್ರಗೀತೆ ಸಾಕು. ಆ ಕಾಲದ ನಮ್ಮ ಚಿತ್ರಗೀತೆಗಳು ಮೋನೋ, ಅಂದರೆ ಎಡಕ್ಕೂ ಬಲಕ್ಕೂ ಹೋಗುವುದು ಒಂದೇ ಸಂಕೇತ. ಎರಡು ಸ್ಪೀಕರುಗಳಿಂದ ಸಮದೂರದಲ್ಲಿ ಕುಳಿತು ಪಿ.ಬಿ. ಶ್ರೀನಿವಾಸ್ ಅವರದೋ ಎಸ್. ಜಾನಕಿ ಅವರದೋ ಹಾಡು ಹಚ್ಚಿ. ಸ್ಪೀಕರಿಲ್ಲದ ನಟ್ಟನಡುವಿನ ಬರಿಗಾಳಿಯಿಂದ ದನಿ ಬಂದಂತೆ ಕೇಳಬೇಕು. ಈಗ ಕಣ್ಣು ಮುಚ್ಚಿ, ಇನ್ನೊಬ್ಬರಿಗೆ ವಾಲ್ಯೂಮನ್ನು ನಿಧಾನವಾಗಿ ಇಳಿಸುತ್ತ ಹೋಗಲು ಹೇಳಿ. ದನಿ ಸಣ್ಣದಾಗಬೇಕೇ ಹೊರತು ಜಾಗ ಬಿಟ್ಟು ಕದಲಬಾರದು. ಎಡಕ್ಕೋ ಬಲಕ್ಕೋ ಜಾರಿತೆಂದರೆ ಪಾಟ್‌ನ ಎರಡು ಪಟ್ಟಿಗಳು ಹೊಂದಿಲ್ಲ. ಎರಡು ಕಿವಿಗಳಿಗೆ ತಲುಪುವ ಸದ್ದನ್ನು ಹೋಲಿಸಿ ದಿಕ್ಕು ಹೇಳುವ ನಮ್ಮ ಮಿದುಳು ಈ ಕೆಲಸದಲ್ಲಿ ಬಹಳ ಚುರುಕು. 3 ಡೆಸಿಬೆಲ್ ವ್ಯತ್ಯಾಸವನ್ನು ಅದು ಖಂಡಿತ ಬಿಟ್ಟುಕೊಡುವುದಿಲ್ಲ.

ಪರಿಹಾರಗಳೂ ದುಬಾರಿಯಲ್ಲ. ಇಂಗ್ಲೆಂಡಿನ ಎಂಜಿನಿಯರ್ ಪೀಟರ್ ಬ್ಯಾಕ್ಸಂಡಾಲ್ 1980ರಲ್ಲಿ ಸೂಚಿಸಿದ ಒಂದು ಸರ್ಕಿಟ್, ಪಾಟನ್ನು ಆಂಪ್ಲಿಫೈಯರಿನ ಫೀಡ್‌ಬ್ಯಾಕ್ ದಾರಿಯೊಳಗೇ, ಅಂದರೆ ಹೊರಬಂದ ಸಂಕೇತದ ಪಾಲು ಒಳಕ್ಕೆ ಹಿಂದಿರುಗುವ ದಾರಿಯೊಳಗೇ, ಕೂರಿಸುತ್ತದೆ. ಅಲ್ಲಿ ವಕ್ರ ಪಟ್ಟಿಯ ಬದಲು ಸರಳ ಪಟ್ಟಿಯ ಪಾಟ್ ಸಾಕು. ಸದ್ದಿನ ಮಟ್ಟವನ್ನು ಪಟ್ಟಿಯ ಒಟ್ಟು ರೋಧ ತೀರ್ಮಾನಿಸುವುದಿಲ್ಲ, ಬೆರಳು ನಿಂತ ಜಾಗದ ಅನುಪಾತ ತೀರ್ಮಾನಿಸುತ್ತದೆ. ಹಾಗಾಗಿ ಎಡ ಬಲ ತಾವಾಗಿಯೇ ಹೊಂದಿಕೊಳ್ಳುತ್ತವೆ. ಇನ್ನೊಂದು ದಾರಿ ಐಸಿಯದು. ಪಿಜಿಎ2310 ಎಂಬ ಚಿಪ್ ಅರ್ಧರ್ಧ ಡೆಸಿಬೆಲ್ ಮೆಟ್ಟಿಲುಗಳಲ್ಲಿ ಮಟ್ಟವನ್ನು ಏರಿಳಿಸುತ್ತದೆ, ಎರಡೂ ಕಡೆ ಕರಾರುವಾಕ್ಕಾಗಿ ಒಂದೇ ಸಮ. ಮೂರನೆಯದು ರಿಲೇ ಮತ್ತು ನಿಖರ ರೆಸಿಸ್ಟರುಗಳ ಏಣಿ. ತಿರುಗಿಸಿದಾಗ ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತದೆ. ಕಡಿಮೆ ಬೆಲೆಯ ಪ್ರಿಆಂಪ್ ಕೊಳ್ಳುವವರು ಈ ಮೂರರಲ್ಲಿ ಯಾವುದಾದರೂ ಒಂದು ಇದೆಯೇ ಎಂದು ವಿಚಾರಿಸಿದರೆ ಅರ್ಧ ಗೆದ್ದಂತೆ.

ಅತಿ ಅಗ್ಗದ ಪ್ರಿಆಂಪ್ ಯಾವುದೆಂದರೆ, ಒಂದು ಡಬ್ಬಿ, ಒಂದು ಒಳ್ಳೆಯ ಪಾಟ್, ನಾಲ್ಕು ಸಾಕೆಟ್. ಕರೆಂಟೇ ಬೇಡ. ಮೂಲದಲ್ಲಿ 2 ವೋಲ್ಟ್ ಇರುವಾಗ ಹಿಗ್ಗಿಸುವ ಅಗತ್ಯ ಇಲ್ಲವಲ್ಲ? ಇದನ್ನು ಪ್ಯಾಸಿವ್ ಪ್ರಿಆಂಪ್ ಎನ್ನುತ್ತಾರೆ. ಇದಕ್ಕೊಂದು ಷರತ್ತು ಉಂಟು. 10 ಕಿಲೋ ಓಮ್ ಪಾಟ್‌ನ ಹೊರದಾರಿಯ ರೋಧ ಹೆಚ್ಚೆಂದರೆ 2.5 ಕಿಲೋ ಓಮ್. ಮುಂದಿನ ಕೇಬಲ್ಲಿನ ಕೆಪಾಸಿಟೆನ್ಸ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಎಂದುಕೊಂಡರೆ, ಮೂರು ಮೀಟರ್ ಕೇಬಲ್ ಹಾಕಿದರೂ ಮೇಲಿನ ಸ್ವರಗಳಿಗೆ ಕಿಂಚಿತ್ತೂ ಕುತ್ತು ಬರುವುದಿಲ್ಲ. ಸದ್ದು ಇಳಿಯತೊಡಗುವುದು 200 ಕಿಲೋಹರ್ಟ್ಸ್ ಆಚೆಗೆ. ಅದೇ ಡಬ್ಬಿಗೆ 50 ಕಿಲೋ ಓಮ್ ಪಾಟ್ ಹಾಕಿ ಐದು ಮೀಟರ್ ಕೇಬಲ್ ಎಳೆದರೆ 20 ಕಿಲೋಹರ್ಟ್ಸ್‌ನಲ್ಲಿ 2 ಡೆಸಿಬೆಲ್ ಕೊಚ್ಚಿಹೋಗುತ್ತದೆ. ಸಣ್ಣ ಪಾಟ್, ಗಿಡ್ಡ ಕೇಬಲ್: ಪ್ಯಾಸಿವ್ ಪೆಟ್ಟಿಗೆ ಕೇಳುವುದು ಇಷ್ಟೇ. ಸಿಡಿ ಅಥವಾ ಸ್ಟ್ರೀಮರ್ ಮಾತ್ರ ಇಟ್ಟುಕೊಂಡವರಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ತಟ್ಟೆಯ ಗೀರಿನಿಂದ

ಎಲ್‌ಪಿ ಇಟ್ಟುಕೊಂಡವರ ವಿಚಾರ ಬೇರೆ, ಮತ್ತು ನನ್ನ ಮಟ್ಟಿಗೆ ಈ ವಿಷಯದ ಸೊಗಸೆಲ್ಲ ಇರುವುದು ಇಲ್ಲೇ.

ಒಂದು ಗೀರಿನಲ್ಲಿ ಎರಡು ಸ್ಪೀಕರುಗಳ ಹಾಡನ್ನು ಹೇಗೆ ಅಡಗಿಸುವುದು ಎಂಬುದನ್ನು 1931ರಲ್ಲೇ ಪೇಟೆಂಟ್ ಅರ್ಜಿಯಲ್ಲಿ ಬರೆದಿಟ್ಟವನು ಅಲನ್ ಬ್ಲೂಮ್ಲೈನ್, ಇಎಂಐ ಕಂಪನಿಯ ಎಂಜಿನಿಯರ್. ಗೀರು ಇಂಗ್ಲಿಷಿನ ವಿ ಅಕ್ಷರದ ಆಕಾರದ್ದು. ಅದರ ಎರಡು ಗೋಡೆಗಳೂ 45 ಡಿಗ್ರಿ ವಾಲಿರುತ್ತವೆ. ಒಂದು ಗೋಡೆಯ ಏರಿಳಿತ ಎಡಕ್ಕೆ, ಇನ್ನೊಂದರದು ಬಲಕ್ಕೆ. ಎರಡು ದಿಕ್ಕುಗಳೂ ಒಂದಕ್ಕೊಂದು ಲಂಬವಾಗಿರುವುದರಿಂದ ಒಂದೇ ಸೂಜಿ ಎರಡನ್ನೂ ಬೇರೆ ಬೇರೆಯಾಗಿ ಓದಬಲ್ಲದು. ಸ್ಟೀರಿಯೋ ತಟ್ಟೆಗಳು ಅಂಗಡಿಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಅದನ್ನು ನೋಡಲು ಬ್ಲೂಮ್ಲೈನ್ ಇರಲಿಲ್ಲ; ಯುದ್ಧಕಾಲದಲ್ಲಿ ರೇಡಾರ್ ಪರೀಕ್ಷೆಗೆ ಹೊರಟಿದ್ದ ವಿಮಾನ 1942ರ ಜೂನ್‌ನಲ್ಲಿ ನೆಲಕ್ಕಪ್ಪಳಿಸಿದಾಗ ಆತ ತೀರಿಕೊಂಡಿದ್ದ. ಆಗ ವಯಸ್ಸು 38. ನಮ್ಮ ಕೋಣೆಯ ನಡುಗಾಳಿಯಲ್ಲಿ ಹಾಡುವವರ ದನಿ ಮೂಡಿದಾಗಲೆಲ್ಲ ಈ ಮನುಷ್ಯನನ್ನು ನೆನೆಯಬೇಕು ಎಂದು ನನಗನ್ನಿಸುತ್ತದೆ.

ಗೀರಿಗೆ ಇನ್ನೊಂದು ತೊಡಕು. ಕೆಳಸ್ವರಗಳನ್ನು ಇದ್ದ ಹಾಗೇ ಕೊರೆದರೆ ಸೂಜಿ ಅತ್ತಿತ್ತ ವಿಪರೀತ ಓಲಾಡುತ್ತದೆ. ಗೀರುಗಳ ನಡುವೆ ಜಾಗ ಬಿಡಬೇಕಾಗಿ ಬಂದು ತಟ್ಟೆಯ ಒಂದು ಬದಿಯಲ್ಲಿ ಇಪ್ಪತ್ತು ನಿಮಿಷದ ಸಂಗೀತ ಹಿಡಿಯುವುದಿಲ್ಲ. ಮೇಲ್ಸ್ವರಗಳನ್ನು ಇದ್ದ ಹಾಗೇ ಕೊರೆದರೆ ಅವು ವಿನೈಲ್‌ನ ಸ್ವಂತ ಗರಗರ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಹಾಗಾಗಿ ತಟ್ಟೆ ಕೊರೆಯುವಾಗಲೇ ಕೆಳಸ್ವರ ತಗ್ಗಿಸಿ ಮೇಲ್ಸ್ವರ ಎತ್ತುತ್ತಾರೆ. ಕೇಳುವಾಗ ಇದಕ್ಕೆ ಸರಿಯಾಗಿ ವಿರುದ್ಧವಾದುದನ್ನು ಮಾಡಬೇಕು, ಮಡಿಸಿಟ್ಟ ಸೀರೆಯನ್ನು ಅದೇ ಗೆರೆಗಳಲ್ಲಿ ಬಿಚ್ಚುವ ಹಾಗೆ. ಮೊದಮೊದಲು ಒಂದೊಂದು ಕಂಪನಿ ಒಂದೊಂದು ರೀತಿ ಮಡಿಸುತ್ತಿತ್ತು. 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘ ಆರ್‌ಐಎಎ ಒಂದು ವಕ್ರರೇಖೆಯನ್ನು ಗೊತ್ತುಪಡಿಸಿತು; ಅದರ ಮೂರು ತಿರುವುಗಳು 50, 500 ಮತ್ತು 2122 ಹರ್ಟ್ಸ್‌ನಲ್ಲಿ ಬರುತ್ತವೆ. ಕೇಳುವಾಗ 20 ಹರ್ಟ್ಸನ್ನು 19 ಡೆಸಿಬೆಲ್‌ಗೂ ಮಿಗಿಲು ಎತ್ತಬೇಕು, 20 ಕಿಲೋಹರ್ಟ್ಸನ್ನು ಅಷ್ಟೇ ತಗ್ಗಿಸಬೇಕು. ಒಂದು ತುದಿಗೂ ಇನ್ನೊಂದು ತುದಿಗೂ ಸುಮಾರು 90 ಪಟ್ಟಿನ ಅಂತರ! (ಅಜ್ಜನ ಕಾಲದ 78 ಆರ್‌ಪಿಎಂ ತಟ್ಟೆಗಳು ಮನೆಯಲ್ಲಿದ್ದರೆ ಒಂದು ಕಿವಿಮಾತು: ಅವುಗಳಲ್ಲಿ ಹೆಚ್ಚಿನವು ಈ ರೇಖೆಗೂ ಹಿಂದಿನವು, ಗೀರೂ ಅಗಲ. ಎಲ್‌ಪಿ ಸೂಜಿಯಿಂದ ಅವನ್ನು ನುಡಿಸಬೇಡಿ. ದಪ್ಪ ಸೂಜಿ ಪ್ರತ್ಯೇಕ ಸಿಗುತ್ತದೆ.)

ಈ ರೇಖೆಯನ್ನು ಬಿಡಿಸುವುದು ಬೆರಳೆಣಿಕೆಯ ರೆಸಿಸ್ಟರು ಕೆಪಾಸಿಟರುಗಳು. ರೇಖೆ ಎಷ್ಟು ಕರಾರುವಾಕ್ಕಾಗಿದೆ ಎಂಬುದು ಅವುಗಳ ನಿಖರತೆಗೆ ಬಿಟ್ಟದ್ದು. 1950ರ ದಶಕದ ಬಿಡಿಭಾಗಗಳು ಹೇಳಿದ ಮೌಲ್ಯಕ್ಕಿಂತ ಶೇಕಡ 10-20 ಆಚೀಚೆ ಇರುತ್ತಿದ್ದವು. ಇವತ್ತು ಶೇಕಡ 1ರ ಮೆಟಲ್ ಫಿಲ್ಮ್ ರೆಸಿಸ್ಟರ್ ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲೂ ಚಿಲ್ಲರೆ ಕಾಸಿಗೆ ಸಿಗುವ ಮಾಲು. ಆ ಕಾಲದಲ್ಲಿ ಪ್ರಯೋಗಾಲಯದಲ್ಲಷ್ಟೇ ಸಾಧ್ಯವಿದ್ದ ನಿಖರತೆ ಸಾಧಾರಣ ಫೋನೋ ಪ್ರಿಆಂಪ್‌ಗೂ ದಕ್ಕಿರುವುದು ಹೀಗೆ.

ಇನ್ನು ಗರಗರ. 1928ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಜಾನ್ಸನ್ ಮತ್ತು ಅದರ ಮಾತೃಸಂಸ್ಥೆ ಎಟಿ&ಟಿಯ ನೈಕ್ವಿಸ್ಟ್ ಪ್ರಕಟಿಸಿದ ಪ್ರಬಂಧಗಳು ಒಂದು ಖಡಾಖಂಡಿತ ಮಿತಿಯನ್ನು ತೋರಿಸಿಕೊಟ್ಟವು: ಯಾವುದೇ ರೆಸಿಸ್ಟರ್, ಕರೆಂಟು ಹರಿಯದೆ ಸುಮ್ಮನೆ ಮೇಜಿನ ಮೇಲಿದ್ದರೂ, ತನ್ನೊಳಗಿನ ಇಲೆಕ್ಟ್ರಾನುಗಳ ಶಾಖದ ಕುಣಿತದಿಂದಾಗಿಯೇ ಸದ್ದು ಮಾಡುತ್ತಿರುತ್ತದೆ. 1 ಕಿಲೋ ಓಮ್ ರೆಸಿಸ್ಟರ್ ನಮ್ಮ ಕೋಣೆಯ ಶಾಖದಲ್ಲಿ, ಕಿವಿಗೆ ಕೇಳುವ 20 ಕಿಲೋಹರ್ಟ್ಸ್ ಹರವಿನಲ್ಲಿ, ಸುಮಾರು 0.6 ಮೈಕ್ರೋವೋಲ್ಟ್ ಗರಗರ ಹುಟ್ಟಿಸುತ್ತದೆ. ಸೂಜಿಯ ಹಿಂದಿರುವ ತಂತಿಸುರುಳಿಯ ರೋಧವೂ ಹೆಚ್ಚುಕಡಿಮೆ ಅಷ್ಟೇ. 5 ಮಿಲಿವೋಲ್ಟಿನ ಹಾಡಿಗೆ ಹೋಲಿಸಿದರೆ ಇದು 79 ಡೆಸಿಬೆಲ್ ಕೆಳಗೆ. ಎಷ್ಟು ಕೋಟಿ ಸುರಿದು ಆಂಪ್ಲಿಫೈಯರ್ ಕಟ್ಟಿದರೂ ಆ ಸುರುಳಿಯ ಗರಗರ ಹೋಗುವುದಿಲ್ಲ, ಅದು ನಿಸರ್ಗದ ಪಾಲು. ಅದಕ್ಕೂ ಮಿಗಿಲಾಗಿ ವಿನೈಲ್‌ನ ಮೈಯುಜ್ಜಾಟ ಹಾಡಿಗಿಂತ 60ರಿಂದ 70 ಡೆಸಿಬೆಲ್ ಅಷ್ಟೇ ಕೆಳಗಿರುತ್ತದೆ. ಪ್ರಿಆಂಪ್‌ನ ಫೋನೋ ಹಂತದ, ಅಂದರೆ ಎಲ್‌ಪಿಯ ಸಂಕೇತವನ್ನು ಹಿಗ್ಗಿಸುವ ಭಾಗದ, ಗರಗರ ಹಾಡಿಗಿಂತ 75 ಡೆಸಿಬೆಲ್ ಕೆಳಗಿದ್ದರೆ ಅದು ತಟ್ಟೆಯ ಸದ್ದಿನ ಅಡಿಯಲ್ಲಿ ಹೂತುಹೋಗುತ್ತದೆ. ಸುಮಾರಾದ ಪೆಟ್ಟಿಗೆಯೂ ಇದನ್ನು ಮುಟ್ಟುತ್ತದೆ.

ಕಾಸಿಗೆ ಸಿಗುವ ನಿಖರತೆ

ಈ ಸ್ಥಿತಿ ತಾನಾಗಿ ಬಂದದ್ದಲ್ಲ. 1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕೆಲಸಕ್ಕೆ ಹೊರಟಿದ್ದ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್, ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಾಳೆಯ ಮೇಲೆ ಒಂದು ಚಿತ್ರ ಗೀಚಿದ. ಆಂಪ್ಲಿಫೈಯರಿನಿಂದ ಹೊರಬಂದ ಸಂಕೇತದ ಒಂದು ಪಾಲನ್ನು ಹಿಂದಕ್ಕೆ ತಂದು, ಒಳಬರುವ ಸಂಕೇತದಿಂದ ಕಳೆಯುವುದು. ಇದೇ ಫೀಡ್‌ಬ್ಯಾಕ್. ಹೊರಬಂದದ್ದರಲ್ಲಿ ಏನಾದರೂ ವಿಕಾರ ಸೇರಿದ್ದರೆ ಅದು ತಿರುಗಿ ಬಂದು ತನ್ನನ್ನೇ ಅಳಿಸಿಕೊಳ್ಳುತ್ತದೆ. ಹೀಗೆ ಮಾಡಿದರೆ ಹಿಗ್ಗಿಸುವ ಬಲದ ಬಹುಪಾಲು ನಷ್ಟವಾಗುತ್ತದೆ, ನಿಜ. ಬದಲಿಗೆ ಸಿಗುವುದು ನಿಖರತೆ. ಬಲ ಅಗ್ಗವಾದ ದಿನ ನಿಖರತೆಯೂ ಅಗ್ಗವಾಗಲೇಬೇಕಿತ್ತು.

ವಾಲ್ವಿನ ಕಾಲದಲ್ಲಿ ಬಲ ಅಗ್ಗವಿರಲಿಲ್ಲ. ಅಮೆರಿಕದ ಫಿಲಡೆಲ್ಫಿಯಾದ ಡೇವಿಡ್ ಹಾಫ್ಲರ್ ತನ್ನ ಡೈನಾಕೋ ಕಂಪನಿಯಿಂದ 1950ರ ದಶಕದ ಕೊನೆಗೆ ತಂದ ಪಿಎಎಸ್ ಸರಣಿಯ ಪ್ರಿಆಂಪ್‌ನಲ್ಲಿ ಹಾಡು ಹಾಯುತ್ತಿದ್ದದ್ದು ನಾಲ್ಕೇ ನಾಲ್ಕು 12ಎಎಕ್ಸ್7 ವಾಲ್ವುಗಳ ಮೂಲಕ. ನೂರು ಡಾಲರಿಗಿಂತ ಕಡಿಮೆ ಬೆಲೆಗೆ ಅದನ್ನು ಕಿಟ್ ಆಗಿ ಮಾರಿದರು. ಕೊಂಡವರು ಅಡುಗೆಮನೆಯ ಮೇಜಿನ ಮೇಲೆ ಬೆಸುಗೆ ಹಾಕಿ ತಾವೇ ಕಟ್ಟಿಕೊಂಡರು. ಸಾಮಾನ್ಯ ಸಂಬಳದವರ ಮನೆಗೆ ಒಳ್ಳೆಯ ಸ್ಟೀರಿಯೋ ತಂದವರಲ್ಲಿ ಹಾಫ್ಲರ್ ಮುಖ್ಯನಾದವನು. ಕೂಲಿಯ ಖರ್ಚನ್ನು ಕೇಳುಗನ ಕೈಗೇ ಒಪ್ಪಿಸಿ ಬೆಲೆ ಇಳಿಸಿದ ಆತನ ಉಪಾಯವನ್ನು ನಾನು ತುಂಬ ಮೆಚ್ಚುತ್ತೇನೆ. ನಮ್ಮಲ್ಲೂ ಹಾಗೆ ಕಟ್ಟಿಕೊಂಡವರ ಒಂದು ಪೀಳಿಗೆಯೇ ಇತ್ತು. 1954ರಲ್ಲಿ ಹುಟ್ಟಿದ ಬೆಂಗಳೂರಿನ ಬಿಇಎಲ್ ವಾಲ್ವುಗಳನ್ನೂ ಆಮೇಲೆ ಟ್ರಾನ್ಸಿಸ್ಟರುಗಳನ್ನೂ ತಯಾರಿಸುತ್ತಿತ್ತು. ಬಿಇಎಲ್ 187, 188 ಟ್ರಾನ್ಸಿಸ್ಟರು ಎಂದರೆ ಇವತ್ತಿಗೂ ಕಣ್ಣರಳಿಸುವ ಹಿರಿಯ ಹವ್ಯಾಸಿಗಳು ಊರೂರಲ್ಲಿ ಇದ್ದಾರೆ.

ಆಮೇಲೆ ಬಂದದ್ದು ಐಸಿ. ಸಿಗ್ನೆಟಿಕ್ಸ್ ಕಂಪನಿ 1970ರ ದಶಕದ ಕೊನೆಯಲ್ಲಿ ಹೊರತಂದ ಎನ್‌ಇ5532 ಎಂಬ ಎಂಟು ಕಾಲಿನ ಚಿಪ್‌ನೊಳಗೆ ಎರಡು ಪೂರ್ಣ ಆಂಪ್ಲಿಫೈಯರುಗಳಿವೆ, ಎಡಕ್ಕೊಂದು ಬಲಕ್ಕೊಂದು. ಫೀಡ್‌ಬ್ಯಾಕ್ ಇಲ್ಲದೆ ಬಿಟ್ಟರೆ ಒಂದೊಂದೂ ಸಂಕೇತವನ್ನು ಲಕ್ಷದಾಸುಪಾಸು ಪಟ್ಟು ಹಿಗ್ಗಿಸುತ್ತದೆ. ಸಿಡಿಯಂಥ ಮೂಲಕ್ಕೆ ನಮಗೆ ಬೇಕಾದದ್ದು ಹೆಚ್ಚೆಂದರೆ ನಾಲ್ಕೈದು ಪಟ್ಟು. ಉಳಿದ ಬಲವನ್ನೆಲ್ಲ ಬ್ಲ್ಯಾಕ್‌ನ ಉಪಾಯದಂತೆ ನಿಖರತೆಗೆ ವಿನಿಯೋಗಿಸಬಹುದು. ಅದರ ಸ್ವಂತ ಗರಗರ ಕಿವಿಯ ಹರವಿನಲ್ಲಿ ಸುಮಾರು 0.7 ಮೈಕ್ರೋವೋಲ್ಟ್, ನಾವು ಕೇಳುವ 0.14 ವೋಲ್ಟಿಗಿಂತ ಸುಮಾರು 106 ಡೆಸಿಬೆಲ್ ಕೆಳಗೆ. ಸದ್ದಿಲ್ಲದ ಕೋಣೆಯಲ್ಲೂ ಅದನ್ನು ಕೇಳುವ ಕಿವಿ ಇಲ್ಲ. ಈ ಚಿಪ್ಪನ್ನೂ ಇದರ ಒಡಹುಟ್ಟಾದ 5534 ಅನ್ನೂ ಸ್ಟುಡಿಯೋಗಳ ಮಿಕ್ಸಿಂಗ್ ಮೇಜುಗಳಲ್ಲಿ ರಾಶಿಗಟ್ಟಲೆ ಬಳಸಿದ್ದಾರೆ. 1980ರ ದಶಕದಿಂದೀಚಿನ ಎಷ್ಟೋ ಹಾಡುಗಳು ನಮ್ಮ ಮನೆಗೆ ಬರುವ ಮೊದಲೇ ಇಂಥ ಹತ್ತಾರು ಚಿಪ್ಪುಗಳ ಮೂಲಕ ಹಾದು ಬಂದಿವೆ. ಅವುಗಳ ಜೊತೆಗೆ ನಮ್ಮ ಪ್ರಿಆಂಪ್‌ನ ಇನ್ನೊಂದು ಸೇರಿದರೆ ಹಾಡು ಕೆಡುತ್ತದೆ ಎಂಬ ವಾದಕ್ಕೆ ಕಾಲೂರಲು ಜಾಗವಿಲ್ಲ.

ಹಾಗಾದರೆ ದುಬಾರಿ ಪೆಟ್ಟಿಗೆ ಅಂಗಡಿಯಲ್ಲಿ ಅಷ್ಟೊಂದು ಚೆನ್ನಾಗಿ ಕೇಳಿಸುವುದೇಕೆ? ಬಹುತೇಕ ಸಲ ಅದು ಒಂದಿಷ್ಟು ಜೋರಾಗಿ ನುಡಿಯುತ್ತಿರುತ್ತದೆ. ಅರ್ಧ ಡೆಸಿಬೆಲ್ ಹೆಚ್ಚಿದ್ದನ್ನು ನಾವು ಜೋರು ಎಂದು ಗುರುತಿಸುವುದಿಲ್ಲ, ಚೆನ್ನ ಎಂದು ಗುರುತಿಸುತ್ತೇವೆ. ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಎರಡರ ಮಟ್ಟವನ್ನೂ ಮೀಟರಿನಿಂದ ಅಳೆದು ಸರಿದೂಗಿಸಬೇಕು, ಯಾವುದು ನುಡಿಯುತ್ತಿದೆಯೆಂದು ಕೇಳುವವರಿಗೆ ತಿಳಿದಿರಬಾರದು. 1978ರಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ಮೊಯರ್ ಈ ಬಗೆಯಲ್ಲಿ ಕ್ವಾಡ್ ಕಂಪನಿಯ ಮೂರು ಪವರ್ ಆಂಪ್‌ಗಳನ್ನು ಪರೀಕ್ಷೆಗೊಡ್ಡಿದ. ಒಂದು ವಾಲ್ವಿನದು, ಎರಡು ಟ್ರಾನ್ಸಿಸ್ಟರಿನವು, ಬೇರೆ ಬೇರೆ ಕಾಲದ ವಿನ್ಯಾಸಗಳು. ಪಳಗಿದ ಕಿವಿಯವರಿಗೂ ಅವುಗಳಲ್ಲಿ ಯಾವುದು ಯಾವುದೆಂದು ಹೇಳಲಾಗಲಿಲ್ಲ. ಪವರ್ ಆಂಪ್‌ಗೇ ಹೀಗಾದರೆ, ಅದಕ್ಕಿಂತ ಹಗುರ ಕೆಲಸದ ಪ್ರಿಆಂಪ್‌ನ ಮಾತೇನು?

ಶ್ರುತಿ ಕೆಡಿಸುವ ಗುಂಯ್

ಕಡಿಮೆ ಬೆಲೆಯ ಪೆಟ್ಟಿಗೆ ಎಡವುವ ಎರಡನೆಯ ಜಾಗ ಕರೆಂಟಿನದು. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ಆಡುತ್ತದೆ. ಅದನ್ನು ಡಿಸಿ ಮಾಡುವ ಡಯೋಡುಗಳು 100 ಹರ್ಟ್ಸ್‌ನ ಅಲೆಯನ್ನು ಬಿಟ್ಟುಹೋಗುತ್ತವೆ. ಫೋನೋ ಹಂತ 1000 ಹರ್ಟ್ಸನ್ನು ನೂರು ಪಟ್ಟು ಹಿಗ್ಗಿಸಿದರೆ, ಆರ್‌ಐಎಎ ರೇಖೆಯಿಂದಾಗಿ 50 ಹರ್ಟ್ಸನ್ನು 700 ಪಟ್ಟು, 100 ಹರ್ಟ್ಸನ್ನು 450 ಪಟ್ಟು ಹಿಗ್ಗಿಸುತ್ತದೆ. ಗುಂಯ್‌ಗುಡುವ ಸದ್ದಿಗೆ ಇದಕ್ಕಿಂತ ಹದವಾದ ನೆಲ ಇನ್ನೊಂದಿಲ್ಲ.

ಪಾಶ್ಚಾತ್ಯ ಸಂಗೀತ ಕೇಳುವವರಿಗಿಂತ ನಮಗೆ ಇದರ ಕಾಟ ಹೆಚ್ಚು ಎಂದು ನಾನು ನಂಬಿದ್ದೇನೆ, ಕಾರಣ ತಂಬೂರಿ. ಹಾರ್ಮೋನಿಯಂನ ಬಿಳಿ ಒಂದಕ್ಕೆ ಶ್ರುತಿ ಹಿಡಿದ ಗಂಡುದನಿಯ ಷಡ್ಜ 131 ಹರ್ಟ್ಸ್. ತಂಬೂರಿಯ ಮಂದ್ರ ಪಂಚಮದ ತಂತಿ 98 ಹರ್ಟ್ಸ್. ಬಿಳಿ ಐದಕ್ಕೆ ಹಾಡುವ ಹೆಣ್ಣುದನಿಯ ಷಡ್ಜ 196. ತಂಬೂರಿಯ ಮಂದ್ರ ಷಡ್ಜ ಅದೇ 98. ಇದರ ಪಕ್ಕದಲ್ಲೇ 100 ಹರ್ಟ್ಸ್‌ನ ಗುಂಯ್ ಬಂದು ಕೂತರೆ ಎರಡರ ನಡುವೆ ಸೆಕೆಂಡಿಗೆ ಎರಡು ಸಲ ಏರಿಳಿಯುವ ಒಂದು ತುಯ್ತ ಹುಟ್ಟುತ್ತದೆ. ಸಣ್ಣ ಸದ್ದೇ, ಆದರೆ ಆಲಾಪನೆಯಲ್ಲಿ ಗಾಯಕರು ಷಡ್ಜದ ಮೇಲೆ ನಿಂತು ಉಸಿರು ಬಿಗಿಹಿಡಿದಾಗ ಅದು ತಂಬೂರಿಯ ಶ್ರುತಿಯೇ ತಪ್ಪಿದಂತೆ ಕೇಳಿಸುತ್ತದೆ. ಮಲ್ಲಿಕಾರ್ಜುನ ಮನ್ಸೂರರ ತಟ್ಟೆ ಹಾಕಿಕೊಂಡು ಕೂತವರಿಗೆ ಇದು ಸಹಿಸುವ ಮಾತಲ್ಲ.

ಮದ್ದು ಸರಳ. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಹೊರಗೆ, ಅಡಾಪ್ಟರಿನಲ್ಲಿರುವ ಪ್ರಿಆಂಪ್‌ಗಳು ಈ ವಿಚಾರದಲ್ಲಿ ವಾಸಿ. ಪ್ರಿಆಂಪನ್ನು ಪವರ್ ಆಂಪ್‌ನ ತಲೆಯ ಮೇಲೆ ಇಡಬೇಡಿ. ಒಂದೂವರೆ ಅಡಿ ದೂರ ಸರಿಸಿದರೆ ಎಷ್ಟೋ ಸಲ ಗುಂಯ್ ಅಡಗುತ್ತದೆ. ಟರ್ನ್‌ಟೇಬಲ್ಲಿನ ನೆಲದ ತಂತಿಯನ್ನು ಪ್ರಿಆಂಪ್‌ನ ತಿರುಪಿಗೆ ಬಿಗಿಯಿರಿ. ಕೇಬಲ್ ಟಿವಿಯ ಸೆಟ್‌ಟಾಪ್ ಪೆಟ್ಟಿಗೆಯನ್ನೂ ಅದೇ ಆಂಪ್‌ಗೆ ಜೋಡಿಸಿದ್ದರೆ ಅದರ ತಂತಿ ಕಿತ್ತು ನೋಡಿ. ಎರಡು ಬೇರೆ ದಾರಿಗಳಿಂದ ಭೂಮಿಗಿಳಿದ ತಂತಿಗಳು ಸೇರಿ ದೊಡ್ಡ ಸುರುಳಿಯಾದಾಗ ಅದರಲ್ಲಿ 50 ಹರ್ಟ್ಸ್ ಕರೆಂಟು ಹರಿದಾಡುತ್ತದೆ. ಒಂದೇ ಒಂದನ್ನು ಮಾಡಬೇಡಿ: ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥಿಂಗ್ ಪಿನ್ ಕೀಳುವುದು. ಸದ್ದು ನಿಲ್ಲಬಹುದು, ಆದರೆ ಒಳಗೆ ಎಲ್ಲಾದರೂ ವೈರ್ ಸಡಿಲಾಗಿ ಲೋಹದ ಮೈಗೆ ತಾಗಿದರೆ 230 ವೋಲ್ಟ್ ನೇರ ಕೈಗೆ ಬರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಗೋಡೆಯ ಮೂರನೆಯ ತೂತು ಎಲ್ಲಿಗೂ ಸೇರಿರುವುದಿಲ್ಲ. ಸ್ಟೀರಿಯೋ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಪರೀಕ್ಷಿಸುವುದು ಒಳ್ಳೆಯದು.

ಬಾಸ್, ಟ್ರೆಬಲ್ ನಾಬ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಶುದ್ಧತೆಯ ಹೆಸರಿನಲ್ಲಿ ದುಬಾರಿ ಪ್ರಿಆಂಪ್‌ಗಳಿಂದ ಅವನ್ನು ಕಿತ್ತುಹಾಕಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದಂತೆ, ಸದ್ದು ಕಡಿಮೆಯಾದಷ್ಟೂ ನಮ್ಮ ಕಿವಿ ಕೆಳಸ್ವರಗಳಿಗೆ ಹೆಚ್ಚು ಮಂದವಾಗುತ್ತದೆ. ಜೋರಾಗಿ ಕೇಳಿದಾಗ ಸರಿಯಿದ್ದ ಮೃದಂಗದ ಎಡಬದಿ, ರಾತ್ರಿ ಸಣ್ಣಗೆ ಹಚ್ಚಿದಾಗ ಮಾಯವಾಗುವುದು ಅದಕ್ಕೇ. ಬಾಸ್ ನಾಬನ್ನು ತುಸು ತಿರುಗಿಸಿದರೆ ತೊಪ್ಪಿಯ ಗುಮುಕು ಮರಳುತ್ತದೆ. ಬ್ಯಾಕ್ಸಂಡಾಲ್ 1952ರ ಅಕ್ಟೋಬರಿನಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿದ ಟೋನ್ ಕಂಟ್ರೋಲ್ ಸರ್ಕಿಟ್ ನಡುವೆ ಇಟ್ಟಾಗ ಏನನ್ನೂ ಬದಲಿಸದೆ, ತಿರುಗಿಸಿದಾಗ ಬೇಕಾದಷ್ಟೇ ಬದಲಿಸುವಂಥದು. ಪ್ರಪಂಚದ ಅಗಣಿತ ಆಂಪ್ಲಿಫೈಯರುಗಳಲ್ಲಿ ಅದೇ ಕೂತಿದೆ. ಹಳೆಯ ಧ್ವನಿಮುದ್ರಣ ಕೇಳುವ ಕನ್ನಡಿಗರಿಗೆ ಟೋನ್ ಕಂಟ್ರೋಲ್ ಇರುವ ಪ್ರಿಆಂಪನ್ನೇ ನಾನು ಸೂಚಿಸುತ್ತೇನೆ.

ಹಳೆಯ ಪೆಟ್ಟಿಗೆ ಕೊಳ್ಳುವವರು ನಾಬ್ ತಿರುಗಿಸಿದಾಗ ಕರಕರ ಸದ್ದು ಬಂದರೆ ಹೆದರಬೇಕಿಲ್ಲ. ಕಾರ್ಬನ್ ಪಟ್ಟಿಯ ಮೇಲಿನ ಧೂಳು ಅದು, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಹೆಚ್ಚಿನ ಸಲ ಹೋಗುತ್ತದೆ. ಹೆದರಬೇಕಾದದ್ದು ಸಂಕೇತವೇ ಇಲ್ಲದಾಗ ಬರುವ ಗುಂಯ್‌ಗೆ ಮತ್ತು ಒಂದು ಬದಿ ಬಂದು ಹೋಗಿ ಮಾಡುವುದಕ್ಕೆ. ಮೊದಲನೆಯದು ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇರಬಹುದು, ಮೂವತ್ತು ವರ್ಷ ದಾಟಿದ ಪೆಟ್ಟಿಗೆಯಲ್ಲಿ ಸಹಜ. ಎರಡನೆಯದು ಸವೆದ ಸ್ವಿಚ್ ಅಥವಾ ಬಿರುಕುಬಿಟ್ಟ ಬೆಸುಗೆ. ಎರಡೂ ರಿಪೇರಿಯಾಗುತ್ತವೆ, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಪ್ರಿಆಂಪ್ ಆನ್ ಮಾಡುವಾಗ ಪವರ್ ಆಂಪ್ ಆಫ್ ಇರಲಿ. ಕೊನೆಗೆ ಆನ್ ಮಾಡುವುದು, ಮೊದಲು ಆಫ್ ಮಾಡುವುದು ಪವರ್ ಆಂಪನ್ನು. ಇಲ್ಲವಾದರೆ ಧಡ್ ಎಂಬ ಹೊಡೆತ ಸ್ಪೀಕರಿಗೆ ಬೀಳುತ್ತದೆ.

ಒಳ್ಳೆಯ ಸಾಧಾರಣ ಪ್ರಿಆಂಪ್ ಹಾಡಿಗೆ ಬೆರೆಸುವ ವಿಕಾರ ಶೇಕಡ 0.01ಕ್ಕಿಂತ ಕಡಿಮೆ. ಒಳ್ಳೆಯ ಸ್ಪೀಕರೂ ಕೆಳಸ್ವರಗಳಲ್ಲಿ ಶೇಕಡ 1ರ ಹತ್ತಿರ ಬೆರೆಸುತ್ತದೆ, ಕೋಣೆಯ ಗೋಡೆಗಳು ಒಂದು ಸ್ವರವನ್ನು 10 ಡೆಸಿಬೆಲ್ ಎತ್ತಿ ಪಕ್ಕದ್ದನ್ನು ಅಷ್ಟೇ ಇಳಿಸುತ್ತವೆ. ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ: ಎಡ ಬಲ ಹೊಂದುವ ವಾಲ್ಯೂಮ್, ಗುಂಯ್ ಇಲ್ಲದ ಮೌನ, ನಿಖರವಾದ ಫೋನೋ ಹಂತ ಇವಿಷ್ಟಿರುವ ಪ್ರಿಆಂಪ್ ಯಾವ ಬೆಲೆಗೆ ಸಿಗುತ್ತದೋ ಆ ಬೆಲೆಗೆ ನಿಲ್ಲಿಸಿ, ಮಿಕ್ಕ ಹಣವನ್ನು ಸ್ಪೀಕರಿಗೆ ಹಾಕಿ.